ಮನೆಗಾಡಿಯಲ್ಲಿ ಚಿಕ್ಕಮಗಳೂರಿನ ಕೆರೆಗಳಿಗೆ

ಜಾತ್ರೆಗೆ ಹೊರಟ ಕಮಾನುಗಾಡಿಯಲ್ಲಿ ಕುಳಿತು ಬಂದ ಹಿರಿಯರು ಹಳೆಯ ಮೈಸೂರಿನ ಮನೆಗಳಲ್ಲಿ ಇಂದಿಗೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಗಾಡಿಯ ತಳದಲ್ಲಿ ಮೆತ್ತಗೆ ಹರಡಿದ ಹುಲ್ಲು, ಅದರ ಮೇಲೊಂದು ಜಮಖಾನ, ಮೂಲೆಯಲ್ಲಿ ಅಕ್ಕಿ ಬೇಳೆಗಳ ಗಂಟು, ಹಿಂದೆ ಕಟ್ಟಿದ ತಪ್ಪಲೆ, ಕೆಳಗೆ ತೂಗಾಡುವ ಲಾಂದ್ರ. ಕತ್ತಲಾದಲ್ಲಿ ಎತ್ತುಗಳ ಕೊರಳು ಬಿಚ್ಚಿ, ಮೂರು ಕಲ್ಲು ಹೂಡಿ, ಅನ್ನ ಬೇಯಿಸಿ, ಮಕ್ಕಳನ್ನು ಗಾಡಿಯೊಳಗೆ ಮಲಗಿಸಿ, ದೊಡ್ಡವರು ಗಾಡಿಯ ಮಗ್ಗುಲಲ್ಲಿ ಒರಗಿದರೆ ಅದೇ ಮನೆ. ಅಂಥ ಗಾಡಿಗಳು ಬಿಡಾರ ಹೂಡುತ್ತಿದ್ದದ್ದು ಹೆಚ್ಚಾಗಿ ಕೆರೆಯ ಬಳಿಯಲ್ಲೇ. ನೀರಿಲ್ಲದೆಡೆ ಬಿಡಾರವಿಲ್ಲ.

ಆ ಕಮಾನುಗಾಡಿಯೇ ಈಗ ಎತ್ತುಗಳನ್ನು ಬಿಟ್ಟು ಮೋಟಾರನ್ನು ಹೂಡಿಕೊಂಡು ಮತ್ತೊಮ್ಮೆ ರಸ್ತೆಗೆ ಬಂದಿದೆ. ಕ್ಯಾಂಪರ್ ವ್ಯಾನ್ ಎಂಬ ಹೆಸರಿನ ಈ ವಾಹನವನ್ನು ಮನೆಗಾಡಿ ಎಂದು ಕರೆದರೆ ತಪ್ಪಾಗದು. ಹಗಲು ಕುಳಿತುಕೊಳ್ಳುವ ಪೀಠಗಳೇ ರಾತ್ರಿ ಮಂಚಗಳಾಗುತ್ತವೆ. ಒಂದು ಬದಿಯಲ್ಲಿ ಪುಟ್ಟ ಗ್ಯಾಸ್ ಒಲೆ, ಕೈತೊಳೆಯುವ ತೊಟ್ಟಿ. ಹಿಂಭಾಗದಲ್ಲಿ ಶೌಚದ ಗೂಡು. ಚಾವಣಿಯ ಮೇಲೆ ಸೂರ್ಯನ ಬಿಸಿಲಿನಿಂದ ವಿದ್ಯುತ್ ಹುಟ್ಟಿಸುವ ಫಲಕ. ಪಾಶ್ಚಾತ್ಯರಲ್ಲಿಯೂ ಇದು ಮೊದಲು ಹೊರಟಿದ್ದು ಮೋಟಾರಿನ ಬಲದಿಂದಲ್ಲ. 1885ರಲ್ಲಿ ನೌಕಾಪಡೆಯ ನಿವೃತ್ತ ವೈದ್ಯರಾದ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ಲೇಖಕರು ಕೇವಲ ವಿಹಾರಕ್ಕಾಗಿ 'ವಾಂಡರರ್' ಎಂಬ ಮನೆಗಾಡಿಯನ್ನು ಕಟ್ಟಿಸಿ, ಎರಡು ಕುದುರೆಗಳನ್ನು ಹೂಡಿ, ಇಂಗ್ಲೆಂಡಿನ ದಕ್ಷಿಣ ಭಾಗದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಸಂಚರಿಸಿದರು. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಂಚ ಕಪಾಟುಗಳನ್ನು ಅಳವಡಿಸಿದ ಮೇಲೆ ಸಾಮಾನ್ಯ ಕುಟುಂಬಗಳಿಗೂ ಈ ಸುಖ ಎಟುಕಿತು. ನಮ್ಮ ದೇಶದಲ್ಲಿ ಇದರ ಹರಡುವಿಕೆ ತೀರ ಈಚಿನದು. ನೆರೆಯ ಕೇರಳವು 2021ರಲ್ಲಿ ಇಂಥ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಈಗ ಮನೆಗಾಡಿಗಳು ಬಾಡಿಗೆಗೆ ದೊರೆಯುತ್ತವೆ.

ಹೀಗೆ ದೊರೆತ ಗಾಡಿಯಲ್ಲಿ ಎಲ್ಲಿಗೆ ಹೋಗಬೇಕು? ಚಿಕ್ಕಮಗಳೂರು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಬೆಟ್ಟ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಅತ್ಯುನ್ನತ ಶಿಖರವೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಬೆಟ್ಟಗಳ ಬುಡದಲ್ಲಿ ಹಿಡಿದಿಟ್ಟ ನೀರಿನ ಸೊಗಸನ್ನು ಸಾವಧಾನವಾಗಿ ನೋಡಿ ಬರುವವರು ಕಡಮೆ. ಗಿರಿಯ ಕಿರಿದಾದ ತಿರುವುಗಳಲ್ಲಿ ಉದ್ದನೆಯ ಮನೆಗಾಡಿಯನ್ನು ತಿಣುಕಾಡಿಸುವುದಕ್ಕಿಂತ ಕೆರೆಯಿಂದ ಕೆರೆಗೆ ಒಂದು ದಿನ ಸುತ್ತಿದರೆ ಸುಖವೂ ಹೆಚ್ಚು, ತಿಳಿವೂ ಹೆಚ್ಚು.

ಐದು ಜನ, ನೂರು ಲೀಟರ್ ನೀರು

ಬೆಂಗಳೂರಿನಿಂದ ಹೊರಟ ಒಂದು ಸಂಸಾರವನ್ನು ವಾಚಕರು ಊಹಿಸಿಕೊಳ್ಳಬಹುದು. ತಂದೆ, ತಾಯಿ, ಹನ್ನೆರಡರ ಮಗ, ಎಂಟರ ಮಗಳು. ಇವರೊಡನೆ, ಚಿಕ್ಕಂದಿನಲ್ಲಿ ಕಮಾನುಗಾಡಿಯಲ್ಲಿ ಜಾತ್ರೆಗೆ ಹೋಗಿ ಬಂದ ಅಜ್ಜಿ. ಡಿಸೆಂಬರ್ ತಿಂಗಳ ಮೊದಲ ವಾರ. ಮಳೆಗಾಲ ಕಳೆದು ಕೆರೆಗಳು ತುಂಬಿವೆ. ಕಾಫಿಯ ಹಣ್ಣು ಕೆಂಪೇರಿ ಕೊಯ್ಲು ನಡೆದಿದೆ. ಮುಂಜಾನೆ ಮಂಜು, ಮಧ್ಯಾಹ್ನ ಹಿತವಾದ ಬಿಸಿಲು. ಹಾಸನ ಬೇಲೂರುಗಳ ದಾರಿಯಾಗಿ ಸುಮಾರು 245 ಕಿಲೋಮೀಟರ್ ಕ್ರಮಿಸಿ, ನಗರದ ಹೊರವಲಯದ ಕಾಫಿ ತೋಟವೊಂದರ ಅಂಗಳದಲ್ಲಿ, ಮನೆಯವರ ಅಪ್ಪಣೆ ಪಡೆದು, ರಾತ್ರಿ ಗಾಡಿಯನ್ನು ನಿಲ್ಲಿಸಿದ್ದಾರೆ.

ಬೆಳಗಿನ ಜಾವ ಐದು ಗಂಟೆಗೆ ಮೊದಲು ಎದ್ದವರು ಅಜ್ಜಿ. ಹೊರಗೆ ಕಣದಲ್ಲಿ ಹರಡಿದ ಕಾಫಿಯ ಹುಳಿಗಂಪು. ಸಿಲ್ವರ್ ಮರಗಳ ತುದಿಯಿಂದ ತೊಟತೊಟನೆ ಬೀಳುವ ಇಬ್ಬನಿ. ಮೊಮ್ಮಗ ಹಲ್ಲುಜ್ಜಲು ನಲ್ಲಿ ತಿರುಗಿಸಿ ನೀರನ್ನು ಹಾಗೆಯೇ ಹರಿಯಬಿಟ್ಟನು. ಗೋಡೆಯ ಮೇಲಿನ ಸಣ್ಣ ಮಾಪಕದ ಮುಳ್ಳು ಕೆಳಗಿಳಿಯಿತು.

"ನಿಲ್ಲಿಸೋ ಮಗೂ, ಇದೇನು ಬೆಂಗಳೂರಿನ ಮನೆಯೇ? ಗಾಡಿಯಲ್ಲಿ ಇರೋದೇ ನೂರು ಲೀಟರು. ಐದು ಜನ ಸಂಜೆವರೆಗೂ ಅದರಲ್ಲೇ ತೂಗಿಸಬೇಕು" ಎಂದರು ತಂದೆ.

ಮನೆಗಾಡಿ ಕಲಿಸುವ ಮೊದಲನೆಯ ಪಾಠ ಇದು. ನಮ್ಮ ನಗರಗಳಲ್ಲಿ ನೀರು ಸರಬರಾಜಿನ ಯೋಜನೆ ಮಾಡುವವರು ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಆ ಪ್ರಕಾರ ಈ ಐವರಿಗೆ 675 ಲೀಟರ್ ಬೇಕು. ಗಾಡಿಯ ತೊಟ್ಟಿಯಲ್ಲಿರುವುದು ಒಬ್ಬರ ಪಾಲಿಗೂ ಸಾಲದಷ್ಟು. ಆದರೂ ದಿನ ಕಳೆಯುತ್ತದೆ. ಚೊಂಬಿನಲ್ಲಿ ಮೊಗೆದು ಮುಖ ತೊಳೆದರೆ ಒಂದು ಲೀಟರು ಸಾಕು. ತಟ್ಟೆಯ ಬದಲು ಎಲೆಯಲ್ಲಿ ಉಂಡರೆ ತೊಳೆಯುವ ಪಾತ್ರೆ ಅರ್ಧಕ್ಕರ್ಧ ಇಳಿಯುತ್ತದೆ. ಮಗಳು ಒಂದು ಕಾಗದದ ಮೇಲೆ 'ಬೆಳಿಗ್ಗೆ ಕಾಫಿ: 1 ಲೀಟರ್' ಎಂದು ಬರೆದು ಗೋಡೆಗೆ ಅಂಟಿಸಿದಳು. ಅಂದಿನಿಂದ ನೀರಿನ ಲೆಕ್ಕದ ಗುಮಾಸ್ತಿಕೆ ಆಕೆಯದು.

ಎರಡನೆಯ ಪಾಠವೂ ಇದೆ. ಬಳಸಿದ ನೀರು ಕಣ್ಮರೆಯಾಗುವುದಿಲ್ಲ. ಗಾಡಿಯ ಅಡಿಯಲ್ಲಿರುವ ಇನ್ನೊಂದು ತೊಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಶೌಚದ ಪೆಟ್ಟಿಗೆ ಬೇರೆಯೇ ಇದೆ. ಮನೆಯ ಮೋರಿ ಎಲ್ಲಿಗೆ ಹೋಗುತ್ತದೆಂದು ಜೀವಮಾನದಲ್ಲಿ ಒಮ್ಮೆಯೂ ಯೋಚಿಸದವರು ಇಲ್ಲಿ ದಿನಕ್ಕೊಮ್ಮೆಯಾದರೂ ಯೋಚಿಸಲೇಬೇಕು.

ಅಯ್ಯನಕೆರೆಯ ಮುಂಜಾವು

ಕಡೂರಿನ ರಸ್ತೆಯಲ್ಲಿ ಗಾಡಿ ಈಶಾನ್ಯಕ್ಕೆ ಹೊರಟಿತೆಂದರೆ ಸ್ವಲ್ಪ ಹೊತ್ತಿನಲ್ಲೇ ನಾಡಿನ ರೂಪ ಬದಲಾಗುತ್ತದೆ. ಕಾಫಿಯ ಗಿಡಗಳೂ ಮೆಣಸಿನ ಬಳ್ಳಿಗಳೂ ಹಿಂದುಳಿದು, ತೆಂಗು, ಅಡಕೆ, ರಾಗಿಯ ಹೊಲಗಳು ಎದುರಾಗುತ್ತವೆ. ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ತಮ್ಮ ಭಾರವನ್ನು ಪಶ್ಚಿಮದ ಇಳಿಜಾರುಗಳಲ್ಲೇ ಇಳಿಸಿ ಹಗುರವಾಗಿ ಬೆಟ್ಟ ದಾಟುತ್ತವೆ. ಕಳಸದ ಕಡೆ ಸುರಿಯುವ ಮಳೆಯ ಕಾಲು ಪಾಲೂ ಕಡೂರಿನ ಬಯಲಿಗೆ ಬೀಳುವುದಿಲ್ಲ. ಒಂದೇ ಜಿಲ್ಲೆಯೊಳಗೆ ಮಲೆನಾಡೂ ಉಂಟು, ಬಯಲುಸೀಮೆಯೂ ಉಂಟು. ಇವೆರಡೂ ಸಂಧಿಸುವ ಸ್ಥಳದಲ್ಲಿ, ಬಾಬಾಬುಡನ್ ಬೆಟ್ಟಸಾಲಿನ ಪೂರ್ವದ ಬುಡದಲ್ಲಿ, ಚಿಕ್ಕಮಗಳೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಸಖರಾಯಪಟ್ಟಣದ ಬಳಿ ಅಯ್ಯನಕೆರೆ ಇದೆ.

ಏರಿಯನ್ನು ಹತ್ತಿ ನಿಂತವರು ಒಂದು ಗಳಿಗೆ ಮಾತನಾಡಲಾರರು. ಕಣ್ಣು ಹಾಯುವಷ್ಟು ದೂರ ನೀಲಿಯಾದ ನೀರು. ಮೂರು ಕಡೆ ಬೆಟ್ಟಗಳ ಒತ್ತು. ನಡುವೆ, ರಾಶಿ ಹಾಕಿದ ಧಾನ್ಯದಂತೆ ಚೂಪಾಗಿ ಎದ್ದ ಶಕುನಗಿರಿ. ಗಾಳಿಯಿಲ್ಲದ ಮುಂಜಾನೆ ಬೆಟ್ಟ ತಲೆಕೆಳಗಾಗಿ ಕೆರೆಯಲ್ಲಿಯೂ ನಿಂತಿರುತ್ತದೆ. ನೀರುಕಾಗೆಯೊಂದು ಮುಳುಗಿ ಎಲ್ಲಿ ಏಳುವುದೋ ಎಂದು ಮಕ್ಕಳಿಬ್ಬರೂ ಪಂಥ ಕಟ್ಟಿದರು. ಬೆಳ್ಳಕ್ಕಿಗಳನ್ನು ಎಣಿಸಲು ಹೊರಟ ಮಗಳಿಗೆ ನಲವತ್ತರ ಆಚೆಗೆ ಲೆಕ್ಕ ತಪ್ಪಿತು. ಮಿಂಚುಳ್ಳಿ ನೀರಿಗೆ ಎರಗಿ ಮೀನನ್ನು ಕಚ್ಚಿಕೊಂಡು ಹಾರಿದಾಗ ಅಜ್ಜಿಯೂ ಮಗುವಿನಂತೆ ಚಪ್ಪಾಳೆ ತಟ್ಟಿದರು.

ತಾಯಿ ಗಾಡಿಯ ಒಲೆಯ ಮೇಲೆ ಉಪ್ಪಿಟ್ಟು ಕೆದಕಿದರು. ಏರಿಯ ಕೆಳಗಿನ ಮರದ ನೆರಳಿನಲ್ಲಿ ಮಡಿಸುವ ಮೇಜನ್ನು ಬಿಚ್ಚಿ, ಮುತ್ತುಗದ ಎಲೆಯಲ್ಲಿ ಬಡಿಸಿದ ಆ ತಿಂಡಿಯ ರುಚಿ ಯಾವ ಹೋಟೆಲಿನ ತಿಂಡಿಗೂ ಬಾರದು. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಹಸಿದಾಗ ಉಂಡು, ಬೇಸರವಾದಾಗ ಹೊರಡುವ ಈ ಸ್ವಾತಂತ್ರ್ಯವೇ ಮನೆಗಾಡಿಯ ದೊಡ್ಡ ಸೌಖ್ಯ.

ಮರಳಿ ಬಾರದ ನೀರುಗಂಟಿ

ಈ ಕೆರೆಯನ್ನು ಮೊದಲು ಕಟ್ಟಿಸಿದವನು ಸಖರಾಯಪಟ್ಟಣವನ್ನು ಆಳುತ್ತಿದ್ದ ರುಕ್ಮಾಂಗದರಾಯನೆಂದು ಐತಿಹ್ಯ. 1156ರಲ್ಲಿ, ಹೊಯ್ಸಳರ ಆಳ್ವಿಕೆಯ ಕಾಲದಲ್ಲಿ, ಇದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಎಂದರೆ ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ಇದು 'ಹಳೆಯ ಕೆರೆ' ಆಗಿತ್ತು! ಕೆರೆಯಿಂದ ಮುಂದಕ್ಕೆ ಹರಿಯುವ ವೇದಾ ಹೊಳೆ ಕಡೂರಿನ ಸಮೀಪ ಅವತಿಯನ್ನು ಕೂಡಿ ವೇದಾವತಿಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದಲ್ಲಿ ತಂಗಿ, ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ಆ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೊಮ್ಮೆ ಕೋಡಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ತುಂಬುವುದಕ್ಕಾಗಿ ಕಾದ ಜಲಾಶಯ ಅದು. ಬಯಲುಸೀಮೆಯಲ್ಲಿ ಒಂದೊಂದು ಹನಿಗೆ ಎಷ್ಟು ಬೆಲೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ನಾಲ್ಕು ಮಾತುಗಳನ್ನು ಅರಿತರೆ ಕೆರೆಯನ್ನು ಅರಿತಂತೆ. ನೀರನ್ನು ತಡೆಯುವ ಮಣ್ಣಿನ ದಿಬ್ಬ ಏರಿ. ಬೇಕಾದಷ್ಟನ್ನೇ ಹೊರಬಿಡುವ ಬಾಗಿಲು ತೂಬು. ಹೆಚ್ಚಾದುದು ಏರಿಯನ್ನು ಕೊರೆಯದಂತೆ ಹೊರಹರಿಯುವ ದಾರಿ ಕೋಡಿ. ಕೆರೆಯ ನೀರು ಉಣ್ಣುವ ಹೊಲಗದ್ದೆ ಅಚ್ಚುಕಟ್ಟು. ಈ ನಾಲ್ಕನ್ನೂ ಕಾಯುವವನು ನೀರುಗಂಟಿ. ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಯಾರ ಗದ್ದೆಗೆ ಮೊದಲು, ಯಾರದಕ್ಕೆ ಆಮೇಲೆ ಎಂಬುದನ್ನು ನಿರ್ಣಯಿಸಿ, ಇಡೀ ಊರಿನ ಜಗಳವನ್ನು ತನ್ನ ತಲೆಯ ಮೇಲೆ ಹೊರುವವನು ಅವನೇ.

ಅಯ್ಯನಕೆರೆಯ ಕಥೆಯೂ ಒಬ್ಬ ನೀರುಗಂಟಿಯದೇ. ಏರಿಯ ಮೇಲೆ ಕುಳಿತು ಅಜ್ಜಿ ಅದನ್ನು ಮೊಮ್ಮಕ್ಕಳಿಗೆ ಹೇಳಿದರು. ಹೊನ್ನಬಿಲ್ಲನೆಂಬುವನು ಈ ಕೆರೆಯ ನೀರುಗಂಟಿಯಾಗಿದ್ದ. ಒಮ್ಮೆ ಕೆರೆಯ ದೇವತೆ ಅವನಿಗೆ ಕಾಣಿಸಿಕೊಂಡು, ತಾನು ಏರಿಯನ್ನೊಡೆದು ಹೊರಟುಹೋಗುವುದಾಗಿ ತಿಳಿಸಿದಳು. ನಡುಗಿದ ಹೊನ್ನಬಿಲ್ಲ, "ತಾಯೀ, ದೊರೆಗೆ ತಿಳಿಸಿ ಅಪ್ಪಣೆ ತರುತ್ತೇನೆ, ನಾನು ಹಿಂದಿರುಗುವವರೆಗೆ ಒಡೆಯುವುದಿಲ್ಲವೆಂದು ಮಾತು ಕೊಡು" ಎಂದು ಬೇಡಿಕೊಂಡ. ದೇವತೆ ಒಪ್ಪಿದಳು. ಅವನು ಓಡೋಡಿ ಹೋಗಿ ದೊರೆಯ ಮುಂದೆ ಎಲ್ಲವನ್ನೂ ಅರಿಕೆ ಮಾಡಿದ. ದೊರೆ ಯೋಚಿಸಿದ. ಇವನು ಹಿಂದಿರುಗಿದರಲ್ಲವೆ ಕೆರೆ ಒಡೆಯುವುದು? ಹಿಂದಿರುಗದಿದ್ದರೆ? ಹೊನ್ನಬಿಲ್ಲನ ತಲೆ ಉರುಳಿತು. ಕೊಟ್ಟ ಮಾತಿಗೆ ಕಟ್ಟುಬಿದ್ದ ದೇವತೆ ಇಂದಿಗೂ ಅವನಿಗಾಗಿ ಕಾಯುತ್ತಿದ್ದಾಳೆ.

"ಅವನು ಬರಲೇ ಇಲ್ಲವಾ ಅಜ್ಜಿ?" ಎಂದಳು ಮಗಳು.

"ಬರಲಿಲ್ಲ ಕಣೇ. ಬಂದಿದ್ದರೆ ಈ ಕೆರೆ ಇರುತ್ತಿರಲಿಲ್ಲ."

ಹುಡುಗನಿಗೆ ದೊರೆಯ ಮೇಲೆ ಕೋಪ. "ತಪ್ಪು ಮಾಡದವನನ್ನು ಕೊಂದದ್ದು ಅನ್ಯಾಯ" ಎಂದನು. ಅಜ್ಜಿ ಅಲ್ಲವೆನ್ನಲಿಲ್ಲ. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಕೇಳಿ ಬೆಳೆದವರು ಅವರು. ನಮ್ಮ ನಾಡಿನ ಎಷ್ಟೋ ಕೆರೆಗಳ ಕಥೆಗಳಲ್ಲಿ ಒಂದು ಜೀವದ ಬಲಿ ಇರುತ್ತದೆ. ಅದು ಹೆಚ್ಚಾಗಿ ದುರ್ಬಲರದೇ ಆಗಿರುತ್ತದೆ. ಕಥೆ ನಡೆದದ್ದೋ ಕಟ್ಟಿದ್ದೋ, ಅದರ ತಿರುಳು ಮಾತ್ರ ಸ್ಪಷ್ಟ. ಕೆರೆಯೆಂಬುದು ತಾನಾಗಿ ಇರುವಂಥದಲ್ಲ. ಯಾರೋ ಕಾದದ್ದರಿಂದ ಅದು ಉಳಿದಿದೆ.

ಏರಿಯ ಮೇಲೆ ದನಗಳನ್ನು ಅಟ್ಟಿಕೊಂಡು ಬಂದ ಹಿರಿಯ ರೈತರೊಬ್ಬರು ಈ ಸಂಸಾರವನ್ನು ಕಂಡು ನಿಂತರು. "ಇದೇನ್ರಮ್ಮ, ಮನೇನೇ ತಂದಿದ್ದೀರಲ್ಲ!" ಎಂದು ನಕ್ಕರು.

"ಬನ್ನಿ ಯಜಮಾನ್ರೇ, ಒಂದು ಲೋಟ ಕಾಫಿ ಕುಡೀರಿ" ಎಂದರು ಅಜ್ಜಿ.

ಕಾಫಿ ಮುಗಿಸಿದ ರೈತರು ಲೋಟವನ್ನು ತಾವೇ ತೊಳೆಯಲು ಹೋದಾಗ ತಾಯಿ ತಡೆದರು. ಅವರು ಸಂಕೋಚದಿಂದಲೇ ಹೇಳಿದರು: "ಹೋಗುವಾಗ ಎಲೆ ಕವರು ಇಲ್ಲಿ ಬಿಡಬೇಡಿ ತಾಯಿ. ಗಾಳಿಗೆ ಹಾರಿ ತೂಬಿನ ಬಾಯಿಗೇ ಬಂದು ಕೂರ್ತವೆ. ಬಾಟ್ಲಿ ಒಡೆದರೆ ದನದ ಕಾಲಿಗೆ ಆಗ್ತದೆ." ಈ ಮಾತಿನಲ್ಲಿ ದೂರಿರಲಿಲ್ಲ, ಬಹಳ ದಿನ ನೋಡಿದವರ ದಣಿವಿತ್ತು. ಮಕ್ಕಳಿಬ್ಬರೂ ತಾವಾಗಿಯೇ ಒಂದು ಗೋಣಿಚೀಲ ಹಿಡಿದು ಹೊರಟು, ತಮ್ಮ ಎಲೆಗಳನ್ನಲ್ಲದೆ ಹಿಂದಿನವರು ಎಸೆದು ಹೋದ ಪ್ಲಾಸ್ಟಿಕ್ ಬಾಟಲಿಗಳನ್ನೂ ತುಂಬಿ ತಂದರು.

ಚಿಕ್ಕ ಮಗಳ ಊರು

ಬಿಸಿಲೇರುವ ಹೊತ್ತಿಗೆ ಗಾಡಿ ನಗರಕ್ಕೆ ಹಿಂದಿರುಗಿತು. ಅಯ್ಯನಕೆರೆಯನ್ನು ಕಟ್ಟಿಸಿದ ರುಕ್ಮಾಂಗದರಾಯನೇ ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಈ ಊರನ್ನು ಕೊಟ್ಟನೆಂದೂ, ಆದುದರಿಂದಲೇ ಇದು ಚಿಕ್ಕಮಗಳೂರೆಂದೂ ಪ್ರತೀತಿ. ಹಿರಿಯ ಮಗಳ ಪಾಲಿಗೆ ಬಂದ ಹಿರೇಮಗಳೂರು ಇಲ್ಲಿಗೆ ಅಂಟಿಕೊಂಡೇ ಇದೆ. ಅಲ್ಲಿನ ಕೋದಂಡರಾಮನ ದೇವಾಲಯದಲ್ಲಿ ಒಂದು ವಿಶೇಷವುಂಟು: ಸೀತಾದೇವಿ ರಾಮನ ಎಡಕ್ಕಲ್ಲ, ಬಲಕ್ಕೆ ನಿಂತಿದ್ದಾಳೆ. ಕನ್ನಡದಲ್ಲಿಯೇ ಪೂಜೆ ನಡೆಯುವ ಗುಡಿಯೆಂದು ಇದು ನಾಡಿನಲ್ಲೆಲ್ಲ ಹೆಸರಾಗಿದೆ. ಮಂತ್ರದ ಅರ್ಥ ಮೊಮ್ಮಕ್ಕಳಿಗೂ ತಿಳಿಯಿತೆಂಬುದು ಅಜ್ಜಿಯ ಸಂತೋಷ.

ನಗರದೊಳಗೆ ಮಹಾತ್ಮಾ ಗಾಂಧಿ ಉದ್ಯಾನವಿರುವ ರತ್ನಗಿರಿ ಬೋರೆ ಮಕ್ಕಳಿಗೆ ಪ್ರಿಯವಾದ ಸ್ಥಳ. ಊರ ಮಧ್ಯದಲ್ಲೇ ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆಗಳಿವೆ. ಕಾಫಿ ಮಂಡಳಿಯ ಕಾಫಿ ವಸ್ತುಸಂಗ್ರಹಾಲಯವನ್ನು, ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಂಡು, ನೋಡತಕ್ಕದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟಗಳಲ್ಲಿ ಬಿತ್ತಿದರೆಂಬ ಕಥೆಯಿಂದ ಮೊದಲುಗೊಂಡು, ಹಣ್ಣು ಪುಡಿಯಾಗಿ ಲೋಟಕ್ಕೆ ಬರುವವರೆಗಿನ ಪಯಣವೆಲ್ಲ ಅಲ್ಲಿ ತಿಳಿಯುತ್ತದೆ.

ಈ ಪಯಣದಲ್ಲಿಯೂ ನೀರಿನ ಪಾತ್ರ ದೊಡ್ಡದು. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಒಂದು ಹದವಾದ ಮಳೆ ಬಿದ್ದರೆ ತೋಟವೆಲ್ಲ ಮಲ್ಲಿಗೆಯಂತೆ ಬಿಳಿಯ ಹೂ ತಳೆಯುತ್ತದೆ. ಹೂಮಳೆ ತಪ್ಪಿದರೆ ಆ ವರ್ಷದ ಫಸಲೇ ತಪ್ಪಿದಂತೆ. ಕೊಯ್ದ ಹಣ್ಣಿನ ಸಿಪ್ಪೆ ಸುಲಿದು ಬೀಜವನ್ನು ತೊಳೆಯುವುದಕ್ಕೂ ನೀರು ಬೇಕು. ಹಾಗೆ ತೊಳೆದ ನೀರನ್ನು ಶುದ್ಧಗೊಳಿಸದೆ ಹಳ್ಳಕ್ಕೆ ಬಿಟ್ಟರೆ ಅದು ಕೊಳೆತು, ಮೀನುಗಳಿಗೆ ಉಸಿರಾಟಕ್ಕೆ ಬೇಕಾದ ಆಮ್ಲಜನಕವನ್ನೇ ಹೀರಿಬಿಡುತ್ತದೆ. ಬೆಟ್ಟದ ನೀರನ್ನು ಕಾಯುವ ಹೊಣೆ ಪ್ರವಾಸಿಗರದಷ್ಟೇ ತೋಟದವರದೂ ಆಗಿದೆ.

ಮಧ್ಯಾಹ್ನ ಪೇಟೆಯ ಸಣ್ಣ ಹೋಟೆಲೊಂದರಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಆಮೇಲೆ ಹಬೆಯಾಡುವ ಕಾಫಿ. ಗಾಡಿಯ ನೀರು ಉಳಿಯಿತೆಂದು ಮಗಳು ತನ್ನ ಕಾಗದದಲ್ಲಿ 'ಊಟ: 0 ಲೀಟರ್' ಎಂದು ಬರೆದುಕೊಂಡಳು.

ಹಿರೇಕೊಳಲೆಯ ಸಂಜೆ

ನಾಲ್ಕು ಗಂಟೆಗೆ ಹಿರೇಕೊಳಲೆಯ ಕಡೆಗೆ ಪಯಣ. ನಗರದಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಮುಳ್ಳಯ್ಯನಗಿರಿಯ ಸಾಲಿನ ಮಡಿಲಲ್ಲಿ ಕಟ್ಟಿದ ಕೆರೆ ಇದು. ಅಯ್ಯನಕೆರೆಯ ವೈಶಾಲ್ಯ ಇದಕ್ಕಿಲ್ಲ. ಆದರೆ ಬೆಟ್ಟಗಳು ಇಲ್ಲಿ ಇನ್ನೂ ಹತ್ತಿರ ಬಂದು ನೀರಿಗೆ ಬಾಗಿವೆ. ಸೂರ್ಯ ಇಳಿಯುತ್ತಿದ್ದಂತೆ ಹಸಿರು ಬೆಟ್ಟ ನೀಲಿಯಾಗಿ, ನೀಲಿ ಕಪ್ಪಾಗಿ, ಕೆರೆ ಮಾತ್ರ ಕುಂಕುಮ ಕದಡಿದಂತೆ ಕೆಂಪಾಗುತ್ತದೆ. ಏರಿಯ ಮೇಲೆ ಸಂಜೆಯ ಹೊತ್ತು ಜನ ನೆರೆಯುತ್ತಾರೆ. ಯುವಕರು ಚಿತ್ರ ತೆಗೆಯುತ್ತಾರೆ. ಮುದುಕರು ಸುಮ್ಮನೆ ಕುಳಿತಿರುತ್ತಾರೆ.

ಮಗನಿಗೆ ನೀರಿಗಿಳಿಯುವ ಆಸೆ. ತಂದೆ ಬೇಡವೆಂದರು. ಕಟ್ಟಿದ ಕೆರೆಯ ಆಳ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಕೆಸರಿನಲ್ಲಿ ಕಾಲು ಹೂತರೆ ಈಜು ಬಲ್ಲವರೂ ಅಸಹಾಯಕರು. ದೋಣಿ ಬೇಕೆಂಬ ಮಕ್ಕಳನ್ನು ಬೇಲೂರಿನ ಬಳಿಯ ಯಗಚಿ ಜಲಾಶಯಕ್ಕೆ ಕರೆದೊಯ್ಯುವುದು ಮೇಲು. ಅಲ್ಲಿ ಜಲಕ್ರೀಡೆಯ ಏರ್ಪಾಡಿದೆ.

ಆ ಹೊತ್ತಿಗೆ ಗಾಡಿಯೊಳಗೆ ಒಂದು ಸಣ್ಣ ತೊಂದರೆ ಎದುರಾಯಿತು. ಬಳಸಿದ ನೀರಿನ ತೊಟ್ಟಿ ತುಂಬಿತೆಂದು ಕೆಂಪು ದೀಪ ಹೊತ್ತಿತು. ಹಿಂದಿನ ದಿನ ಹೊರಟಾಗಿನಿಂದ ಅದನ್ನು ಖಾಲಿ ಮಾಡಿರಲಿಲ್ಲ. ತಂದೆ ಗಾಡಿಯಿಂದಿಳಿದು ಸುತ್ತ ನೋಡಿದರು. ರಸ್ತೆಯ ಬದಿಯಲ್ಲಿ ಒಂದು ಚರಂಡಿ. ಹತ್ತಿರ ಯಾರೂ ಇಲ್ಲ. ಸಾಬೂನಿನ ನೀರು ತಾನೆ? ಬಗ್ಗಿ ಕೊಳಾಯಿಗೆ ಕೈ ಹಾಕಿದರು.

"ಅಪ್ಪಾ, ಆ ನೀರು ಎಲ್ಲಿಗೆ ಹೋಗುತ್ತೆ?"

ಲೆಕ್ಕದ ಕಾಗದ ಹಿಡಿದ ಮಗಳು ಬೆನ್ನ ಹಿಂದೆ ನಿಂತಿದ್ದಳು. ತಂದೆ ಚರಂಡಿಯ ಜಾಡನ್ನು ಕಣ್ಣಲ್ಲೇ ಹಿಂಬಾಲಿಸಿದರು. ಅದು ಇಳಿಜಾರಿನಲ್ಲಿ ತಿರುಗಿ, ಹುಲ್ಲಿನ ನಡುವೆ ಹಾದು, ಕೆರೆಯ ಕಡೆಗೇ ಇಳಿದಿತ್ತು. ಅತ್ತಲಾಗಿ ಸಂಜೆಯ ನಡಿಗೆಗೆ ಬಂದಿದ್ದ ಊರಿನವರೊಬ್ಬರು ಮಗುವಿನ ಮಾತು ಕೇಳಿ ನಿಂತು, ಮೆಲ್ಲಗೆ ಹೇಳಿದರು: "ನಮ್ಮ ಪೇಟೆಯ ನಲ್ಲಿಗೆ ಬರೋದು ಇದೇ ಕೆರೆ ನೀರು ಸಾರ್."

ಅದು ನಿಜ. ಯಗಚಿಯೊಡನೆ ಹಿರೇಕೊಳಲೆಯ ಕೆರೆಯೂ ಚಿಕ್ಕಮಗಳೂರು ನಗರಕ್ಕೆ ಕುಡಿಯುವ ನೀರನ್ನು ಕೊಡುತ್ತದೆ. ಪ್ರವಾಸಿಗರ ಕಣ್ಣಿಗೆ ಇದು ಸೂರ್ಯಾಸ್ತದ ತಾಣ. ಊರಿನವರಿಗೆ ನೀರಿನ ಹಂಡೆ. ಮಧ್ಯಾಹ್ನ ಪೇಟೆಯಲ್ಲಿ ಕುಡಿದ ಕಾಫಿಯ ನೀರೂ ಇಲ್ಲಿಯದೇ ಇದ್ದೀತು. ಅತಿಥಿಯಾಗಿ ಬಂದವನು ಮನೆಯವರ ಹಂಡೆಯಲ್ಲಿ ಕೈತೊಳೆಯುವುದುಂಟೆ? ತಂದೆ ಕೊಳಾಯಿಯನ್ನು ಹಾಗೆಯೇ ಬಿಟ್ಟು ಎದ್ದರು. ಅವರ ಮುಖ ಸ್ವಲ್ಪ ಕೆಂಪಾಗಿದ್ದರೆ ಅದಕ್ಕೆ ಕಾರಣ ಸಂಜೆಯ ಬಿಸಿಲೊಂದೇ ಆಗಿರಲಿಲ್ಲ.

"ತೋಟದ ಮನೆಯವರನ್ನು ಕೇಳಿ, ಅವರು ಹೇಳಿದ ಗುಂಡಿಗೆ ಬಿಡೋಣ. ಅಲ್ಲಿಯವರೆಗೆ ಯಾರೂ ಕೈತೊಳೆಯೋ ಹಾಗಿಲ್ಲ" ಎಂದರು ತಾಯಿ. ಎಲ್ಲರೂ ನಕ್ಕರು. ಆ ರಾತ್ರಿಯ ಊಟಕ್ಕೆ ಅವಲಕ್ಕಿ ಮೊಸರು ಗೊತ್ತಾಯಿತು.

ಹೊರಡುವವರಿಗೆ ಒಂದೆರಡು ಮಾತು

ಮನೆಗಾಡಿಯ ಪ್ರವಾಸ ಕೈಗೊಳ್ಳುವ ಸಂಸಾರಗಳು ಕೆಲವು ಸಂಗತಿಗಳನ್ನು ನೆನಪಿಡುವುದು ಒಳ್ಳೆಯದು. ಕೆರೆಯ ಏರಿಯ ಮೇಲಾಗಲಿ, ಕಾಡಿನ ಅಂಚಿನಲ್ಲಾಗಲಿ ರಾತ್ರಿ ತಂಗಬಾರದು. ತೋಟದ ಮನೆಗಳವರನ್ನು ಮೊದಲೇ ಕೇಳಿಕೊಂಡರೆ ಅಂಗಳದಲ್ಲಿ ಸ್ಥಳ, ತುಂಬಿಕೊಳ್ಳಲು ನೀರು, ಕೊಳೆಯನ್ನು ವಿಲೇವಾರಿ ಮಾಡಲು ಎಡೆ, ಮೂರೂ ದೊರೆಯುತ್ತವೆ. ಶೌಚದ ಪೆಟ್ಟಿಗೆಯನ್ನು ಶೌಚಾಲಯದ ಗುಂಡಿಗಲ್ಲದೆ ಬೇರೆಲ್ಲಿಯೂ ಬರಿದು ಮಾಡತಕ್ಕದ್ದಲ್ಲ. ಮುಳ್ಳಯ್ಯನಗಿರಿಯ ಕಡೆಗೆ ಹೋಗುವವರು 2025ರಿಂದ ಜಾರಿಗೆ ಬಂದಿರುವ ಮುಂಗಡ ನೋಂದಣಿಯ ಕ್ರಮವನ್ನು ವಿಚಾರಿಸಿಕೊಳ್ಳಬೇಕು. ಗಾಡಿಯನ್ನು ಕೆಳಗೆ ಬಿಟ್ಟು ಬಾಡಿಗೆಯ ಜೀಪಿನಲ್ಲಿ ಹತ್ತುವುದೇ ಲೇಸು. ಮಳೆಗಾಲದ ನಡುವೆ ಈ ಬೆಟ್ಟಗಳಿಗೆ ಮನೆಗಾಡಿ ಸಲ್ಲದು. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ ಘಟ್ಟದಲ್ಲಿಯೂ ಮೂಡಿಗೆರೆ ತಾಲ್ಲೂಕಿನಲ್ಲಿಯೂ ಗುಡ್ಡಗಳು ಕುಸಿದುದನ್ನು ಮರೆಯಲಾಗದು.

ಇನ್ನೊಂದೆರಡು ದಿನ ಬಿಡುವಿದ್ದವರು ಮೂಡಿಗೆರೆಯತ್ತ ಮುಂದುವರಿಯಬಹುದು. ಹೇಮಾವತಿ ಹುಟ್ಟುವುದು ಆ ತಾಲ್ಲೂಕಿನ ಜಾವಳಿಯಲ್ಲಿ. ಮೀನು ಹಿಡಿಯುವುದರಲ್ಲಿಯೂ ಹಕ್ಕಿಗಳ ಚಿತ್ರ ತೆಗೆಯುವುದರಲ್ಲಿಯೂ ತನ್ಮಯರಾಗಿ, ಮೂಡಿಗೆರೆಯಲ್ಲೇ ನೆಲೆಸಿ, 2007ರಲ್ಲಿ ಕಾಲವಾದ ಪೂರ್ಣಚಂದ್ರ ತೇಜಸ್ವಿಯವರ ನೆನಪಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಅಲ್ಲಿಂದ ಮುಂದೆ ಕಳಸದಲ್ಲಿ ಭದ್ರೆಯ ದರ್ಶನ, ಕಳಸೇಶ್ವರನ ದರ್ಶನ ಎರಡೂ ಆಗುತ್ತವೆ. ಈ ಬೆಟ್ಟಗಳ ಒಂದು ಇಳಿಜಾರಿನಲ್ಲಿ ಬಿದ್ದ ಮಳೆ ಯಗಚಿ ಹೇಮಾವತಿಗಳ ಮೂಲಕ ಕಾವೇರಿಯನ್ನು ಸೇರಿದರೆ, ಇನ್ನೊಂದು ಇಳಿಜಾರಿನಲ್ಲಿ ಬಿದ್ದದ್ದು ಭದ್ರೆ ವೇದಾವತಿಗಳ ಮೂಲಕ ಕೃಷ್ಣೆಯನ್ನು ಸೇರುತ್ತದೆ. ದಕ್ಷಿಣ ಭಾರತದ ಎರಡು ಮಹಾನದಿಗಳಿಗೂ ಚಿಕ್ಕಮಗಳೂರು ಒಂದು ತವರುಮನೆ.

ಕತ್ತಲಾಗುವ ಹೊತ್ತಿಗೆ ಗಾಡಿ ತೋಟದ ಅಂಗಳವನ್ನು ಸೇರಿತು. ಮನೆಯ ಯಜಮಾನರು ತೋರಿಸಿದ ಬಾಳೆಯ ಹಿಂದಿನ ಇಂಗುಗುಂಡಿಗೆ ಕೊಳೆನೀರನ್ನು ಬಿಟ್ಟದ್ದಾಯಿತು. ಗಾಡಿಯೊಳಗೆ ಚೌಕಾಬಾರ ನಡೆಯಿತು; ಅಜ್ಜಿ ಎರಡು ಆಟ ಗೆದ್ದರು. ಮಲಗುವ ಮುನ್ನ ಮಗಳು ಮಾಪಕ ನೋಡಿ, ನೂರು ಲೀಟರಿನಲ್ಲಿ ಕಾಲು ಭಾಗ ಇನ್ನೂ ಉಳಿದಿದೆಯೆಂದು ಸಾರಿದಳು. ಐದು ಜನ ಒಂದು ಇಡೀ ದಿನ ಸುಖವಾಗಿ ಕಳೆದದ್ದು ಎಪ್ಪತ್ತೈದು ಲೀಟರಿನಲ್ಲಿ!

"ನಾಳೆ ಹೊರಡುವಾಗ ತುಂಬಿಸಬೇಕಲ್ಲವಾ ಅಪ್ಪ?"

"ತುಂಬಿಸೋಣ. ಆದರೆ ಕೇಳಿ ತುಂಬಿಸೋಣ" ಎಂದು ತಂದೆ ದೀಪ ಆರಿಸಿದರು.

ಹೊರಗೆ ಇಬ್ಬನಿ ಬೀಳತೊಡಗಿತ್ತು. ಇಪ್ಪತ್ತು ಕಿಲೋಮೀಟರ್ ಆಚೆ, ಶಕುನಗಿರಿಯ ಬುಡದಲ್ಲಿ, ಕೆರೆ ತನ್ನ ನೀರುಗಂಟಿಯನ್ನು ಕಾಯುತ್ತ ಏರಿಯೊಳಗೆ ಸುಮ್ಮನೆ ನಿಂತಿತ್ತು.